ಸರ್ವಾನುಮತ

ಬೈತಖೋಲದ ಐಸ್ ಪ್ಲಾಂಟಿನ ಮಾಳಿಗೆ ಕೋಣೆಗೆ
ಈಗ ಬೀಗ. ಒಳಗೆ ಎಂಟು ಕುರ್ಚಿ.
ಒಂದರ ಕಾಲು ಕುಂಟು; ಯಾವುದೆಂದು ಗೊತ್ತಿದ್ದವರು
ತಡವಾಗಿ ಬಂದವನಿಗೆ ಅದನ್ನೇ ಬಿಟ್ಟು
ಮುಖ ಗಟ್ಟಿಮಾಡಿ ಕೂತಿರುತ್ತಿದ್ದರು.

ನಾನು ಸಂಘದ ಗುಮಾಸ್ತೆ. ನಡಾವಳಿ ಪುಸ್ತಕ ನನ್ನ ಕೈಯದು.
ಹದಿನಾಲ್ಕು ವರ್ಷ ಬರೆದಿದ್ದೇನೆ:
‘ಚರ್ಚಿಸಿ ತೀರ್ಮಾನಿಸಲಾಯಿತು.’
ಚರ್ಚೆಯೆಂದರೆ ಏನಾಯಿತೆಂದು ಅದರಲ್ಲಿಲ್ಲ.
ವಿಲಾಸ ತಾಂಡೇಲರು ಮೇಜು ಗುದ್ದಿದ್ದು,
ಚಹಾ ಚೆಲ್ಲಿ ಡೀಸೆಲ್ ಬಿಲ್ಲು ತೊಯ್ದದ್ದು,
ಒರೆಸಲು ಬಗ್ಗಿದ ಇಬ್ಬರು ವೈರಿಗಳ ತಲೆ
ಒಂದಕ್ಕೊಂದು ಢಿಕ್ಕಿ ಹೊಡೆದದ್ದು.
ದರ ಕುದುರುತ್ತಿದ್ದುದು ಆಮೇಲೆ,
ಮೆಟ್ಟಿಲ ಬುಡದಲ್ಲಿ, ಚಪ್ಪಲಿ ಹುಡುಕುವಾಗ.
ಟವೆಲ್ಲಿನಡಿ ಕೈಯೊಳಗೆ ಕೈ ಸೇರಿ
ಗೆಣ್ಣು ಗೆಣ್ಣಿಗೆ ಒಂದೊಂದು ರೂಪಾಯಿ;
ಬಾಯಿ ‘ಆಗೂದಿಲ್ಲ’ ಅನ್ನುತ್ತಿರುವಾಗಲೇ
ಬೆರಳು ಒಪ್ಪಿ ಆಗಿರುತ್ತಿತ್ತು.

ಈಗ ಲಿಂಕ್ ಬರುತ್ತದೆ.
ಅಧ್ಯಕ್ಷರು ಮಡಗಾಂವಿನ ಮಗಳ ಮನೆಯಲ್ಲಿ,
ಹಣೆಯೊಂದು, ಅದರ ಮೇಲೆ ತಿರುಗುವ ಫ್ಯಾನು.
ಆಂತೋನಿ ರೆಬೆಲ್ಲೊ ಕಾಳಿ ಸೇತುವೆ ದಾಟುತ್ತ
ಲೆಕ್ಕ ಹೇಳುತ್ತ ಹೇಳುತ್ತ
ಬಾಯ್ತೆರೆದಲ್ಲೇ ನಿಂತುಹೋಗುತ್ತಾರೆ.
ಹೆಪ್ಪುಗಟ್ಟುವುದು ನಮಗೇನು ಹೊಸತಲ್ಲ,
ಆದರೆ ಕೆಳಗಿನ ಅಚ್ಚಿನಲ್ಲಿ ನೀರಿಗೂ
ಹದಿನೆಂಟು ತಾಸು ಬೇಕು.

ಜುಲೈ ಕೊನೆ. ಬೋಟುಗಳಿನ್ನೂ ಕಟ್ಟಿಹಾಕಿದ್ದವು.
ವಿಷಯ ಒಂದು: ಗಡ್ಡೆಗೆ ಇಪ್ಪತ್ತು ರೂಪಾಯಿ ಏರಿಕೆ.
ಬೊಮ್ಮಯ್ಯ ಹರಿಕಂತ್ರ ಸೊಸೆಯ ಫೋನಿನಲ್ಲಿ ಬಂದ.
ಫೋನೆಂದರೆ ಕಿವಿಗೆ ಹಿಡಿಯುವ ವಸ್ತು.
ಹಿಡಿದ. ಬಿಸಿಯಾಗುತ್ತದೆಂದು ತುಸು ದೂರ.
ನಲವತ್ತು ನಿಮಿಷ ನಮಗೆ ಕಂಡದ್ದು ಒಂದು ಕಿವಿ:
ಚೌಕದ ತುಂಬ, ಬಿಳಿ ರೋಮ,
ಹಿಂದೆಂದೋ ಮುರು ಹಾಕುತ್ತಿದ್ದ ತೂತು,
ಮಡಿಕೆಯಲ್ಲಿ ಒಣಗಿದ ಉಪ್ಪೋ ಸುಣ್ಣವೋ.
ಯಾರೋ ನಕ್ಕರು. ನಾನೂ.

‘ಯಾರದಾದರೂ ಆಕ್ಷೇಪ?’
ಮೈಕಿನ ಗುರುತುಗಳೆಲ್ಲ ಕೆಂಪು ಗೆರೆ ಹೊಡೆಸಿಕೊಂಡು
ಸುಮ್ಮನಿದ್ದವು.
ಆ ಕಿವಿಯ ಕೆಳಗೆ ದವಡೆ ಆಡಿತು,
ನಿಂತಿತು, ಮತ್ತೆ ಜೋರಾಗಿ ಆಡಿತು.
ಕವಳ ಹಾಕಿದ್ದಾನೆ ಅಂದುಕೊಂಡೆ.
ಅಂದುಕೊಳ್ಳುವುದು ಸುಲಭವಿತ್ತು, ಗಂಟೆ ಒಂದಾಗಿತ್ತು.
ಆ ಕೋಣೆಯಲ್ಲಾಗಿದ್ದರೆ ಪಕ್ಕದವನ ಮೊಣಕೈ
ಇವನ ಮೊಣಕೈಗೆ ತಾಗಿಯಾದರೂ
ಯಾರೋ ತಿರುಗಿ ನೋಡುತ್ತಿದ್ದರು.
ಬರೆದೆ: ‘ಸರ್ವಾನುಮತದಿಂದ.’

ಸಹಿಗೆಂದು ಬಂದ, ಶುಕ್ರವಾರ.
ಕೊಡೆಯನ್ನು ಹೊರಗೆ ಒರಗಿಸಿ
ಟವೆಲ್ಲಿನಿಂದ ಕೈ ಎರಡೂ ಬದಿ ಒರೆಸಿಕೊಂಡ.
ಖುಷಿಯಲ್ಲಿದ್ದ.
“ನಾ ಅಂದೆನಲ್ಲ ತಂಗಿ, ಈ ವರ್ಷ ಏರ್ಸೂದು ಬೇಡ ಅಂತ,
ಸಣ್ಣ ದೋಣಿಯವರು ಸತ್ತೇ ಹೋಗ್ತ್ರು ಅಂತ,
ಎರಡು ಸಲ ಅಂದೆ.
ತಾಂಡೇಲರೂ ಎದುರು ಮಾತಾಡ್ಲಿಲ್ಲ!
ಒಬ್ರೂ ಮಾತಾಡ್ಲಿಲ್ಲ.
ಎಲ್ಲಾ ಒಪ್ಕಂಡ್ರಿ ಅಂತ ತಿಳ್ಕಂಡೆ.”

ಕೆಳಗೆ ಯಂತ್ರ ಗುಂಯ್‌ಗುಟ್ಟುತ್ತಿತ್ತು.
ಅವನ ಮೌನವನ್ನು ನಾವು, ನಮ್ಮದನ್ನು ಅವನು
ಒಂದೇ ದಿನ, ಒಂದೇ ಹೊತ್ತಿಗೆ,
ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿದಿದ್ದೆವು.
ಪುಸ್ತಕದಲ್ಲಿ ಒಂದೇ ಲೆಕ್ಕಕ್ಕೆ ಜಾಗ.

ಓದಿ ಹೇಳಲು ಬಾಯಿ ತೆರೆದೆ.
“ನೀ ಬರದ್ದು ಸಮ ಇರ್ತದೆ,” ಎಂದು
ಪೆನ್ನು ಕಸಿದು ಹೆಸರಿನ ಮುಂದೆ ಗೀಚಿದ,
ಬೊ, ಹ, ಕೆಳಗೊಂದು ಉದ್ದ ಗೆರೆ.

ಹೇಳಿದೆ. ಆಮೇಲೆ ಹೇಳಿದೆ.
ತಿದ್ದಲು ಮತ್ತೊಂದು ಸಭೆಯೇ ಬೇಕೆಂದೂ ಹೇಳಿದೆ.
ಅವನು ಆ ಗೆರೆಯನ್ನೇ ನೋಡುತ್ತ ನಿಂತ,
ಯಾರೋ ಬೇರೆಯವನ ಕೈಬರಹವೆಂಬಂತೆ.
“ಯಾವಾಗ?”
“ಮಂಗಳವಾರ, ಹನ್ನೊಂದಕ್ಕೆ. ಲಿಂಕ್ ಕಳಿಸ್ತೇನೆ.”
“ಹ್ಞೂಂ,” ಅಂದ, ಮೆಟ್ಟಿಲಿಳಿದು
ಮಳೆಯಲ್ಲಿ ಚಪ್ಪಲಿ ಹುಡುಕುತ್ತ,
ತಲೆ ಎತ್ತದೆ:
“ಕಿವಿ ಕೊಡ್ತೆ.”