ಒತಾರು ಅಂಚೆಯ ತಕ್ಕಡಿ

ಕಾಗದ ತೂಗುವುದು ನನ್ನ ಕೆಲಸ.
ಪಾಳಿ ಮುಗಿಸಿ ಬಂದ ಇಗರಾಶಿ
ಕೋಟಿನ ಜೇಬಿನಿಂದ ಕ್ಯಾಮೆರಾ ತೆಗೆದು
ತಕ್ಕಡಿಗಿಟ್ಟ: ಮುನ್ನೂರ ಎಂಬತ್ತೆರಡು ಗ್ರಾಂ,
ಲೆನ್ಸು, ಬ್ಯಾಟರಿ, ಹಿಡಿಗೆ ಸುತ್ತಿದ ಟೇಪೂ ಸೇರಿ.

ಪಕ್ಕದಲ್ಲಿ ಹೊಸದು,
ಸಪ್ಪೊರೊ ಅಂಗಡಿಯ ಮೊರಿಯಾ
ವಾರದ ಮಟ್ಟಿಗೆ ಕಳಿಸಿದ್ದು.
ಕತ್ತಲಲ್ಲೂ ಕಣ್ಣು ಹುಡುಕುತ್ತದಂತೆ,
ಹಾರುವ ಕಡಲಹಕ್ಕಿಯ ಕಣ್ಣನ್ನೂ.
ಒಂದೂವರೆ ಕಿಲೋ.
'ಇದು ಕಾಗದವಲ್ಲ ಮಾರಾಯ, ಪಾರ್ಸೆಲ್ಲು' ಅಂದೆ.

ನಗಲಿಲ್ಲ.
ಆರು ದಿನ ಅದನ್ನು ಕೊರಳಿಗೆ ಕಟ್ಟಿಕೊಂಡು
ಹಿಮದ ಏರು ಹತ್ತಿದ್ದನಲ್ಲ.
ಚಿತ್ರ ಚೆನ್ನಾಗಿಯೇ ಬಂದಿವೆ. ಅದೇ ತೊಂದರೆ:
ಹೆರಿಂಗ್ ಒಣಗಿಸುವ ತೊಮಿಯೊ
ಕಂಡೊಡನೆ ಒಳಗೋಡಿ
ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು.
ಗಾಜಿನ ಕುಲುಮೆಯ ಹುಡುಗರು ಬೆನ್ನು ನೆಟ್ಟಗೆ ಮಾಡಿದರು.
ನಾಯಿ ಕೂಡ ಕುಳಿತುಬಿಟ್ಟಿತು, ಹೇಳಿದ ಹಾಗೆ.

ಈ ಹಳೆಯದನ್ನು ಹದಿಮೂರು ಚಳಿಗಾಲ
ಯಾರೂ ಕ್ಯಾಮೆರಾ ಎಂದೇ ಎಣಿಸಲಿಲ್ಲ.
ಸಹಿ ಹಾಕುತ್ತ ಅದರೆದುರೇ ಆಕಳಿಸಿದರು,
ಬೈದಾಡಿದರು, ಮೂಗು ಒರೆಸಿಕೊಂಡರು.
ಬ್ಯಾಂಕಿನ ಲಕೋಟೆ ಒಡೆಯುವ ಹೊತ್ತಿಗೆ
ಅವನೇ ಅದನ್ನು ಜೇಬಿಗಿಳಿಸುತ್ತಿದ್ದ.
ಚಳಿಗೆ ಬ್ಯಾಟರಿ ಸತ್ತರೆ
ಕಂಕುಳಲ್ಲಿಟ್ಟು ಕಾವು ಕೊಡುತ್ತಾನೆ.

ಪ್ರತಿ ಚಿತ್ರದ ಬಲಮೂಲೆಗೆ
ಒಂದು ಕೆಂಪು ಚುಕ್ಕೆ, ಸೆನ್ಸರಿನಲ್ಲಿ ಕೆಟ್ಟುನಿಂತ ಪಿಕ್ಸೆಲ್ಲು.
ಆಕಾಶದಲ್ಲೂ, ಹಿಮದಲ್ಲೂ, ತೊಮಿಯೊಳ ಕಿವಿಯ ಬಳಿಯಲ್ಲೂ.
'ಅಳಿಸಬಹುದಲ್ಲ?'
'ಅಳಿಸಿದರೆ, ಎಲ್ಲಿಂದ ಹೊರಟಿದ್ದೆಂದು
ತಿಳಿಯೋದು ಹೇಗೆ?'

ದಿನವಿಡೀ ಮುದ್ರೆ ಒತ್ತುವವಳು ನಾನು,
ಏನು ಹೇಳಲಿ.
ಹೊಸದನ್ನು ಡಬ್ಬಿಗಿಳಿಸಿ, ಮೊರಿಯಾನ ವಿಳಾಸ ಬರೆದು
ಪಾರ್ಸೆಲ್ಲಿನ ದರವನ್ನೇ ಹಾಕಿದೆ.