ಸುಂಕದವನು ಹೇಳಿಕೊಂಡಿದ್ದು

ಗಾದೆಯಲ್ಲಿ ಬರುತ್ತಾನಲ್ಲ, ಯಾರ ಕಷ್ಟಸುಖಕ್ಕೂ ಕಿವಿಗೊಡದವನು,
ಅವನು ನಾನೇ. ಸೂಜಿಕಲ್ಲಹಳ್ಳಿ ಪಂಚಾಯ್ತಿಯ ಓಬಳೇಶ.
ಇಪ್ಪತ್ತೆರಡು ವರ್ಷ, ಗುರುವಾರ ಗುರುವಾರ
ಹಳದಿ ಚೀಟಿ ಹರಿದೆ: ಗೋಣಿಚೀಲ ಹಾಸಿದವರಿಗೆ ಐದು,
ತಳ್ಳುಗಾಡಿಗೆ ಹತ್ತು, ಕುರಿಗೆ ತಲೆಯೆಣಿಸಿ ಬೇರೆ.
ಕೇಳುತ್ತಿದ್ದೆ, ಎಲ್ಲ ಕೇಳುತ್ತಿದ್ದೆ.
ಚೀಟಿಯಲ್ಲಿ ಬರೆಯಲು ಜಾಗವಿರಲಿಲ್ಲ, ಅಷ್ಟೆ.

ಸಂತೆ ಯಾರದು?
ಕೇಳಿದರೆ ಕಲ್ಲು ತೋರಿಸುತ್ತಾರೆ.
ಬೇವಿನ ಬುಡದಲ್ಲಿ ಸೊಂಟದೆತ್ತರದ ಕಲ್ಲು,
ನೆತ್ತಿಯಲ್ಲಿ ಸೂರ್ಯ, ಚಂದ್ರ, ನಡುವೆ ಕರುವಿಗೆ ಹಾಲೂಡುವ ಹಸು.
ಪಾಳೆಯಗಾರರ ಕಾಲದಲ್ಲಿ ಯಾರೋ ಯಾರಿಗೋ
ಹೇರಿಗೊಂದು ಬಳ್ಳ, ರಾಶಿಗೊಂದು ಹಿಡಿ,
ಎಲೆಯ ಹೊರೆಗೆ ಇಪ್ಪತ್ತು ಎಲೆ,
ಸೂರ್ಯಚಂದ್ರರಿರುವ ತನಕ ಎಂದು ಕೊಟ್ಟಿದ್ದಾರೆ.
ಕೊಟ್ಟವನ ಹೆಸರು ನಿಚ್ಚಳ.
ಪಡೆದವನ ಹೆಸರಿದ್ದ ಸಾಲಿನಲ್ಲೇ
ಸಂತೆಗೆ ಬಂದವರು ಕುಡುಗೋಲು ಮಸೆದು ಮಸೆದು
ನುಣ್ಣನೆಯ ಹಳ್ಳ ಬಿದ್ದಿದೆ.
ಬೆರಳಿಟ್ಟರೆ ತಣ್ಣಗಿರುತ್ತದೆ.

ಆ ಹಳ್ಳ ತಮ್ಮದು ಅಂದರು ಪಟ್ಟಣಶೆಟ್ಟರ ಮನೆಯವರು.
ಅಲ್ಲ, ಗವಿಮಠದ ದೀಪದೆಣ್ಣೆಗೆ ಬಿಟ್ಟದ್ದು ಅಂದರು ಅಯ್ಯನವರು.
ದುರ್ಗದ ಕೋರ್ಟಿಗೆ ಕಲ್ಲನ್ನೇ ಗಾಡಿಯಲ್ಲಿ ಹೇರಿಕೊಂಡು ಹೋದರಂತೆ,
ಎತ್ತು ಹೊಡೆದವನು ನನ್ನ ಅಜ್ಜ.
ಮುನ್ಸೀಫರು ಕನ್ನಡಕ ಒರೆಸಿಕೊಂಡು, ಬಗ್ಗಿ,
ಕೊನೆಯ ಸಾಲು ಮಾತ್ರ ಓದಿದರಂತೆ:
ಇದಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ
ಕಪಿಲೆಯ ಕೊಂದ ಪಾಪಕ್ಕೆ ಹೋಹರು.
ಎರಡೂ ಕಡೆಯವರು ಕೈಮುಗಿದರು. ಯಾರೂ ಬಿಡಲಿಲ್ಲ.
ಹನ್ನೊಂದು ವರ್ಷದ ವ್ಯಾಜ್ಯ; ವಕೀಲರ ಮನೆಗೆ ಮಹಡಿ ಬಂತು.
ಅಷ್ಟರಲ್ಲಿ ಸರ್ಕಾರ ಬದಲಾಗಿ ಸಂತೆ ತಾಲ್ಲೂಕು ಬೋರ್ಡಿನದಾಯಿತು,
ಆಮೇಲೆ ಮಂಡಲದ್ದು, ಆಮೇಲೆ ಪಂಚಾಯ್ತಿಯದು.
ಕಲ್ಲು ಹಿಂದಕ್ಕೆ ಬಂದು ಬೇವಿನ ಬುಡ ಸೇರಿತು.
ಮಾರನೆಯ ವಾರವೇ ಯಾರೋ ಮಚ್ಚು ಮಸೆದರು.

ಹೋದ ವರ್ಷ ಹರಾಜು.
ದಾವಣಗೆರೆಯ ಕಂಟ್ರಾಕ್ಟರು ಪಾಲಾಕ್ಷಿ
ಎರಡು ಲಕ್ಷದ ಹನ್ನೊಂದು ಸಾವಿರಕ್ಕೆ ಕೂಗಿ ಹಿಡಿದ.
ತೆಂಗಿನಕಾಯಿ ಒಡೆಸಿದ, ಆಫೀಸಿಗೆಲ್ಲ ಬೆಣ್ಣೆದೋಸೆ ತರಿಸಿದ
(ನಾನೂ ಎರಡು ತಿಂದೆ).
ತಗಡಿನ ಬೇಲಿ, ಒಂದೇ ಬಾಗಿಲು, ಐದಿದ್ದದ್ದು ಮೂವತ್ತು.
ನನ್ನ ಹಳದಿ ಪುಸ್ತಕ ಬೀರು ಸೇರಿತು.

ಮೊದಲು ಎದ್ದವಳು ಮೆಣಸಿನಕಾಯಿ ಗುತ್ಯಮ್ಮ.
ಜಗಳವಿಲ್ಲ, ಕೂಗಾಟವಿಲ್ಲ. ಗೋಣಿಚೀಲ ಕೊಡವಿ
ರಸ್ತೆ ದಾಟಿ ಕೆರೆಯಂಗಳದಲ್ಲಿ ಹಾಸಿದಳು.
ಅವಳ ಹಿಂದೆ ಬಳೆಯ ಬುಡೇನ್ ಸಾಬರು, ಬೆಳ್ಳುಳ್ಳಿಯವರು,
ಕಂಬಳಿ ಹೊತ್ತ ಬೀರಲಿಂಗಪ್ಪ, ಮಂಡಕ್ಕಿ ಮೂಟೆಗಳು,
ಕೊನೆಗೆ ಕುರಿಗಳು, ಯಾರೂ ಅಟ್ಟದೆ.
ಹತ್ತೂವರೆಗೆಲ್ಲ ಸಂತೆ ಆ ಕಡೆ ನೆರೆದಿತ್ತು.
ತಗಡಿನ ಬಾಗಿಲಲ್ಲಿ ಪಾಲಾಕ್ಷಿ,
ಕೈಯಲ್ಲಿ ಮೊಹರು ಬಿದ್ದ ಕರಾರುಪತ್ರ.
ಅವನ ಹಿಂದೆ ಬಯಲು, ಬೇವು, ಕಲ್ಲು, ಮಲಗಿದ ಒಂದು ನಾಯಿ.
ಕಾನೂನಿನ ಪ್ರಕಾರ ಎಲ್ಲ ಅವನದೇ.

ನಕ್ಕೆನೆಂದು ತಿಳಿಯಬೇಡಿ.
ಕೋರ್ಟಿನಿಂದ ಮರಳಿದ ಶೆಟ್ಟರ ಮುಖವನ್ನು
ಅಜ್ಜ ಹೇಳಿದ್ದ; ಅದೇ ಮುಖ.

ನಾನೂ ರಸ್ತೆ ದಾಟಿದೆ. ರೂಢಿಯಂತೆ ಜೇಬು ತಡಕಿದರೆ
ಮಡಚಿದ ಹಳೆಯ ಚೀಟಿಯೊಂದು ಸಿಕ್ಕಿತು.
ಗುತ್ಯಮ್ಮ ಬಾ ಇಲ್ಲಿ ಅಂದು, ನಾನು ಕೇಳದೆಯೇ,
ಒಂದು ಹಿಡಿ ಹಸಿಮೆಣಸು ಟವೆಲ್ಲಿಗೆ ಸುರಿದಳು.
ರಾಶಿಗೊಂದು ಹಿಡಿ. ಅವಳು ಆ ಕಲ್ಲು ಓದಿದವಳಲ್ಲ.
ಚೀಟಿ ಕೊಟ್ಟೆ. ಅದರಲ್ಲಿ ನಶ್ಯ ಪೊಟ್ಟಣ ಕಟ್ಟಿ
ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡಳು.
ಕೆರೆಯಂಗಳ ಯಾರದೆಂದು ಈವರೆಗೆ ಯಾರೂ ಕೇಳಿಲ್ಲ.
ಆಮೇಲೆ ಅವಳು ಮಗಳ ಬಾಣಂತನದ ಸುದ್ದಿ ತೆಗೆದಳು.
ಕೂತೆ.
ಬಿಸಿಲು ತಲೆಗೆ ಬರುವ ತನಕ.