ಎಣ್ಣೆ ಹಚ್ಚಿದ ಚೀಟಿ

ಪುರ್ಸು ಮಾಮನ ಜಠರ ತೆಗೆದು ಇಂದಿಗೆ ಐದು ತಿಂಗಳು.
ಹುಣ್ಣು ಕೆಟ್ಟದ್ದಿತ್ತು, ಬಿಡುವ ಹಾಗಿರಲಿಲ್ಲ.
ಗಾಯ ಒಣಗಿದೆ. ತೂಕ ನಲವತ್ತಾರು.
ಕಾರವಾರದ ಆಸ್ಪತ್ರೆಯಲ್ಲಿ, ಪಥ್ಯ ಬರೆಯುವ ನನ್ನ ಮೇಜಿನೆದುರು
ಕೂತು ಕೇಳುತ್ತಾನೆ, ಕಳೆದುಹೋದ ಚಪ್ಪಲಿ ಕೇಳಿದ ಹಾಗೆ:
'ಭೂಕ್ ಖಂಯ್ ಗೆಲಿ ಗೋ?'
ಹಸಿವೆಲ್ಲಿ ಹೋಯಿತೇ ಹುಡುಗಿ?

ಮೂವತ್ತು ವರ್ಷ ಬೈತಖೋಲಿನ ಬೋಟುಗಳಲ್ಲಿ ಅಡಿಗೆ ಮಾಡಿದವನು.
ಗಡಿಯಾರ ಕಟ್ಟಿದವನಲ್ಲ.
ದೇವಗಡದ ದೀಪ ಹಿಂದೆ ಬಿದ್ದು, ಬಲೆ ಇಳಿದು,
ತನ್ನ ಹೊಟ್ಟೆ ಒಮ್ಮೆ ಗುರ್ ಅಂದಾಗ ಅಕ್ಕಿ ಹಾಕುತ್ತಿದ್ದ;
ಅನ್ನ ಬೆಂದು ಇಳಿಯುವಾಗ
ಇಪ್ಪತ್ತೆಂಟು ಖಲಾಸಿಗಳೂ ಹಸಿದು ನಿಂತಿರುತ್ತಿದ್ದರು.
ಒಂದು ದಿನವೂ ತಪ್ಪಿದ್ದಿಲ್ಲ ಅನ್ನುತ್ತಾರೆ.
ಒಂದು ದಿನ ತಪ್ಪಿತ್ತಂತೆ, ಅವನಿಗೆ ಜ್ವರ ಬಂದ ದಿನ.

ಹೇಗೆ ಹೇಳಲಿ. ಚಾರ್ಟಿನ ಬೆನ್ನಿಗೆ ಚಿತ್ರ ಬರೆದೆ.
ಖಾಲಿ ಹೊಟ್ಟೆ ಒಂದು ಚೀಟಿ ಬರೀತದೆ ಮಾಮ,
ಮೇಲೆ, ತಲೆಗೆ. ಗ್ರೆಲಿನ್ ಅಂತ ಅದರ ಹೆಸರು.
ಇಪ್ಪತ್ತೆಂಟು ಮಣಿ ಪೋಣಿಸಿದ ಸರ, ನಿಮ್ಮ ಬೋಟಿನ ಜನದಷ್ಟೇ.
ಮೂರನೇ ಮಣಿಗೆ ಒಂದು ಚೂರು ಕೊಬ್ಬು ಹಚ್ಚಿರಬೇಕು,
ಕೊಬ್ಬರಿ ಎಣ್ಣೆಯಲ್ಲಿ ಇರ್ತದಲ್ಲ, ಅದೇ ಜಾತಿಯದು;
ಹಚ್ಚದಿದ್ದರೆ ತಲೆಯ ಬೀಗ ತೆರೆಯೋದಿಲ್ಲ.

ಅವನು ತಲೆಯಾಡಿಸಿದ.
'ಒಗ್ಗರಣೆ ಇಲ್ಲದ್ದು ಯಾರಿಗೆ ಬೇಕು.'

ಬೀಗ ತೆರೆದರೆ, ಮಿದುಳಿನ ನಡುವಿನ ಒಂದು ಕತ್ತಲ ಮೂಲೆಯಲ್ಲಿ
ಡೋಪಮೈನ್ ಜಿನುಗುತ್ತದೆ.
ಅದು ಉಂಡ ಸುಖ ಅಲ್ಲ. ಉಂಡೇನು ಎಂಬ ತವಕ.
ಬಾಂಗ್ಡೆ ಇನ್ನೂ ನೀರಲ್ಲಿರುವಾಗಲೇ
ನಾಲಿಗೆಯ ಮೇಲೆ ತಿರ್ಫಳ ಚುರುಗುಟ್ಟುವುದು.
ನಿನ್ನ ಚೀಟಿ ಬರೆಯುವವನನ್ನೇ ತೆಗೆದುಬಿಟ್ಟಿದ್ದಾರೆ.
ಕರುಳು ಬರೀತದೆ, ಸ್ವಲ್ಪ. ಅಕ್ಷರ ಸಣ್ಣದು.

ಬಹಳ ಹೊತ್ತು ಸುಮ್ಮನಿದ್ದ.
'ಅದಕ್ಕೇ ಇರಬೇಕು. ಇಸ್ಪೀಟು ಹಂಚಿದರೆ
ಎಲೆ ಎತ್ತಿ ನೋಡಬೇಕು ಅನ್ನಿಸೋದಿಲ್ಲ.
ಹಕ್ಕಿ ನೀರಿಗೆ ಬಿದ್ದರೆ
ಅಲ್ಲಿ ಮೀನಿದೆ ಅಂತ ಗೊತ್ತಾಗ್ತದೆ.
ಗೊತ್ತಾಗ್ತದೆ, ಅಷ್ಟೇ.'

ನಾನು ಓದಿದ್ದೆಲ್ಲ ಇಲಿಗಳ ಬಗ್ಗೆ.

ಆಗಸ್ಟ್ ಒಂದಕ್ಕೆ ರಜೆ ಮುಗಿದು ಬೋಟು ಹೊರಟವು.
ತಾಂಡೇಲ ಬೇಡವೆಂದರೂ ಹತ್ತಿದ,
ನಾನು ಬರೆದುಕೊಟ್ಟ ಆರು ಹೊತ್ತು, ಆರು ಅಲಾರಾಂ,
ಹಿಡಿ ಹಿಡಿ ಮೆತ್ತನೆ ಅನ್ನ ಜೇಬಿನಲ್ಲಿಟ್ಟುಕೊಂಡ ಹಾಗೆ.
ಈಗ ಅಕ್ಕಿ ಹಾಕಲು ಹುಡುಗರನ್ನು ನೋಡುತ್ತಾನಂತೆ:
ಮಾಜಾಳಿಯ ಗಣಬಾ ಸುಮ್ಮಸುಮ್ಮನೆ ಬೈಯತೊಡಗಿದರೆ ಇನ್ನೂ ಅರ್ಧ ತಾಸು;
ಝಾರ್ಖಂಡದ ಹುಡುಗ ತನ್ನೂರಿನ ಮಾತು ತೆಗೆದರೆ ಒಲೆ ಹಚ್ಚಬೇಕು;
ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸಿದರೆ
ತಡವಾಯಿತು.

ಮೊನ್ನೆ ಫೋನು. ಹಿಂದೆ ಇಂಜಿನ್ನಿನ ಸದ್ದು.
'ಸಾರಿಗೆ ಸೋಲ ಜಾಸ್ತಿಯಾಯ್ತಂತೆ, ಎಲ್ಲ ಬೈದರು.'
ನಕ್ಕನೋ, ಗಾಳಿಯೋ.
'ನನಗೇನೂ ತಿಳೀಲಿಲ್ಲ ಗೋ. ಆದರೂ
ಇನ್ನೊಮ್ಮೆ ಮಾಡಿ ನೋಡಬೇಕು ಅನ್ನಿಸ್ತು.'

ಅನ್ನಿಸ್ತು, ಅಂದ.
ಚಾರ್ಟಿನಲ್ಲಿ ಇದಕ್ಕೆ ಅಂಕಣ ಇಲ್ಲ.
ತೂಕದ ಕೆಳಗೆ ಬರೆದೆ.